ಪಿಸ್ತೂಲಿನ ಕೀರ್ತಿಯೂ ಪರೀಕ್ಷೆಯೂ

ಆತ್ಮರಕ್ಷಣೆಗೆಂದು ಪಿಸ್ತೂಲನ್ನು ಕೊಳ್ಳುವ ಅಮೇರಿಕನರಲ್ಲಿ ಅನೇಕರು ತಯಾರಕರ ಕೀರ್ತಿಯನ್ನೇ ಪ್ರಮಾಣವೆಂದು ಎಣಿಸುತ್ತಾರೆ. ಇದು ಸರ್ವಥಾ ಯುಕ್ತವಲ್ಲವೆಂದು ನಾವು ಹೇಳಬೇಕಾಗಿದೆ.

ಕೀರ್ತಿಯು ಹುಟ್ಟುವುದು ಪರೀಕ್ಷೆಯಿಂದ. 1911ನೆಯ ಮಾರ್ಚ್ ತಿಂಗಳಲ್ಲಿ ಅಮೇರಿಕದ ಸೇನೆಯು ಎರಡು ಪಿಸ್ತೂಲುಗಳನ್ನು ಒರೆಗೆ ಹಚ್ಚಿ, ಒಂದೊಂದರಿಂದಲೂ 6,000 ಗುಂಡುಗಳನ್ನು ಹಾರಿಸಿತು. ಸ್ಯಾವೇಜ್ ಕಂಪನಿಯದರಲ್ಲಿ 37 ದೋಷಗಳು ಕಂಡುಬಂದವು; ಬ್ರೌನಿಂಗರು ರೂಪಿಸಿದ ಕೋಲ್ಟ್ ಪಿಸ್ತೂಲಿನಲ್ಲಿ ಒಂದೂ ಇಲ್ಲ. ಅದೇ 1985ರವರೆಗೆ ಆ ಸೇನೆಯ ಮುಖ್ಯ ಪಿಸ್ತೂಲಾಗಿ ನಿಂತಿತು.

ಆದರೆ ಆ ಗೌರವವು ಒರೆಗೆ ನಿಂತ ಆಯುಧಕ್ಕೆ ಸಲ್ಲತಕ್ಕದ್ದು, ಮನೆಯ ಪೆಟ್ಟಿಗೆಯಲ್ಲಿರುವುದಕ್ಕಲ್ಲ. ಅರೆ-ಸ್ವಯಂಚಾಲಿತ ಪಿಸ್ತೂಲಿನಲ್ಲಿ ಹಾರಿದ ಗುಂಡಿನ ಬಲವೇ ಖಾಲಿ ತೋಟೆಯನ್ನು ಹೊರಚೆಲ್ಲುತ್ತದೆ. ಸ್ಪ್ರಿಂಗು ಮುಂದಿನ ತೋಟೆಯನ್ನು ಒಳದೂಡುತ್ತದೆ. ಮ್ಯಾಗಜೀನಿನ ಅಂಚು ಬಾಗಿದರೆ, ತೋಟೆಯ ಮದ್ದು ದುರ್ಬಲವಾದರೆ, ಹಿಡಿದ ಮಣಿಕಟ್ಟು ಸಡಿಲವಾದರೆ ಈ ಕ್ರಮವು ಮುರಿಯುತ್ತದೆ. ರಿವಾಲ್ವರಿನ ತೋಟೆಯೊಂದು ಹುಸಿಹೋದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಸಾಕು. ಇಲ್ಲಿಯಾದರೋ ತಡೆಯನ್ನು ನೀಗಲು ಸಾಮಾನ್ಯವಾಗಿ ಎರಡೂ ಕೈಗಳು ಬೇಕು. ಆಪತ್ತಿನಲ್ಲಿ ಅಷ್ಟು ವಿರಾಮವೆಲ್ಲಿ?

ಆದುದರಿಂದ ಯಾವ ತೋಟೆ, ಯಾವ ಮ್ಯಾಗಜೀನು, ಯಾವ ಕೈ ಸಂಕಟಕಾಲದಲ್ಲಿ ಒದಗಬೇಕೋ ಅವುಗಳಿಂದಲೇ ಕೆಲವು ನೂರು ಗುಂಡುಗಳನ್ನು ಮೊದಲು ಹಾರಿಸಿ ನೋಡಬೇಕು. ತಡೆಯುಂಟಾದರೆ ಕಾರಣವನ್ನು ಶೋಧಿಸಿ ತಿದ್ದಬೇಕು; ತಿದ್ದಲಾಗದ ಆಯುಧವು ಎಷ್ಟೇ ಹೆಸರುಳ್ಳದ್ದಾದರೂ ತ್ಯಾಜ್ಯವೇ ಸರಿ. ಬರಿಯ ಹೆಸರನ್ನು ನೆಚ್ಚಿದವನಿಗೆ ತನ್ನ ನಿರ್ಣಯವನ್ನು ತಿದ್ದಿಕೊಳ್ಳುವ ಎರಡನೆಯ ಅವಕಾಶ ದೊರೆಯದೆ ಹೋಗಬಹುದು.