ಹಲ್ಲಿನ ಕಾಲೇಜೂ ನಾವೂ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ಕಟ್ಟಿದವರು ನಮ್ಮಂತಹ ಸಂಬಳಗಾರರನ್ನು ಕಂಡಿರಲಾರರು. ತಿಂಗಳ ಕೊನೆಯ ವಾರದಲ್ಲಿ ನಮಗೆ ಕಡಲೆಗೂ ತತ್ವಾರ, ಹಲ್ಲಿಗೂ ತತ್ವಾರ. ಹಲ್ಲು ನೋಯುವುದು ಮಾತ್ರ ತಪ್ಪದೆ ಆ ವಾರದಲ್ಲಿಯೇ! ಖಾಸಗಿ ದವಾಖಾನೆಯ ದರವನ್ನು ಕೇಳಿದೊಡನೆ, ಲವಂಗದ ಎಣ್ಣೆಯೇ ಲೇಸೆಂದು ಮನೆಗೆ ಮರಳುವವರು ನಮ್ಮ ಸಂಘದಲ್ಲಿ ಕಡಮೆಯೇನೂ ಇಲ್ಲ. ಅವರಿಗಾಗಿ ಈ ಸಲ ದಂತವೈದ್ಯ ಕಾಲೇಜುಗಳ ವಿಷಯವನ್ನು ಎತ್ತಿಕೊಂಡಿದ್ದೇವೆ.

“ಕಾಲೇಜಿಗೇಕೆ ಹೋಗಬಾರದು?” ಎಂದು ಕೇಳಿದಾಗಲೆಲ್ಲ ನಮಗೆ ಸಿಗುವ ಉತ್ತರ ಒಂದೇ: “ಬ್ಯಾಡ್ರೀ, ಅಲ್ಲಿ ಹುಡುಗರು ನಮ್ಮ ಬಾಯಾಗ ಕಲೀತಾರ.” ಮಾತು ಸುಳ್ಳಲ್ಲ. ಆದರೆ ಹೇಗೆ ಕಲಿಯುತ್ತಾರೆ, ಯಾರ ಕಣ್ಣೆದುರು ಕಲಿಯುತ್ತಾರೆ ಎಂಬುದನ್ನು ತಿಳಿದುಕೊಂಡು, ಅನಂತರವೂ ಅಂಜಬೇಕೆನಿಸಿದರೆ ಅಂಜೋಣ.

ಒಂದು ಕಾಲಕ್ಕೆ ಹಲ್ಲಿನ ವಿದ್ಯೆಗೆ ಶಾಲೆಯೇ ಇರಲಿಲ್ಲ. ಗುರುವಿನ ಬಳಿ ಕೆಲಸಕ್ಕಿದ್ದು ನೋಡಿ ಕಲಿಯಬೇಕಾಗಿತ್ತು. 1840ರಲ್ಲಿ ಅಮೇರಿಕೆಯ ಬಾಲ್ಟಿಮೋರಿನಲ್ಲಿ ಹೇಡನ್ ಮತ್ತು ಹ್ಯಾರಿಸ್ ಎಂಬ ಇಬ್ಬರು ವೈದ್ಯರು ಜಗತ್ತಿನ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ನಮ್ಮ ದೇಶಕ್ಕೆ ಈ ವಿದ್ಯೆಯ ಕಾಲೇಜನ್ನು ತಂದವರು ಡಾಕ್ಟರ್ ರಫಿಯುದ್ದೀನ್ ಅಹ್ಮದ್. ಅಮೇರಿಕೆಯ ಅಯೋವಾದಲ್ಲಿ ಕಲಿತು ಬಂದ ಅವರು 1920ರಲ್ಲಿ ಕಲಕತ್ತೆಯಲ್ಲಿ ಕಾಲೇಜನ್ನು ಆರಂಭಿಸಿ, 1949ರಲ್ಲಿ ಅದನ್ನು ಸರಕಾರಕ್ಕೆ ಒಪ್ಪಿಸಿದರು. 1948ರ ದಂತವೈದ್ಯರ ಕಾಯಿದೆಯಿಂದ ಈ ಶಿಕ್ಷಣಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಕಟ್ಟುಪಾಡು ಬಂದಿತು. ಬೆಂಗಳೂರಿನ ಸರಕಾರಿ ಕಾಲೇಜು 1958ರದು, ಮಣಿಪಾಲದ್ದು 1965ರದು. ಈಗ ದೇಶದಲ್ಲಿ 300ಕ್ಕೂ ಹೆಚ್ಚು ಇಂತಹ ಕಾಲೇಜುಗಳಿವೆ. ನಮ್ಮ ಮುಂಬಯಿಯಲ್ಲಿಯೇ ನಗರಪಾಲಿಕೆಯ ನಾಯರ್ ಕಾಲೇಜು, ಬೋರಿಬಂದರಿನ ಹತ್ತಿರ ಸರಕಾರಿ ಕಾಲೇಜು ಇರುವುದನ್ನು ಅನೇಕರು ಬಲ್ಲರು. ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ನಮ್ಮ ಬಂಧುಗಳಿಗೂ ಸರಕಾರಿ ದಂತ ಕಾಲೇಜಿನ ಸೌಕರ್ಯವುಂಟು.

ಬಿ.ಡಿ.ಎಸ್. ಸೇರಿದ ಹುಡುಗ ಮೊದಲ ದಿನವೇ ಇಕ್ಕಳ ಹಿಡಿದು ನಮ್ಮ ಬಾಯಿಗೆ ಬರುವುದಿಲ್ಲ. ಮೊದಲೆರಡು ವರ್ಷ ಅವನು ಮೇಣದಲ್ಲಿ ಹಲ್ಲು ಕೆತ್ತುತ್ತಾನೆ, ಪ್ಲಾಸ್ಟರಿನಲ್ಲಿ ಅಚ್ಚು ಎರೆಯುತ್ತಾನೆ. ಅನಂತರ ಕೃತಕ ತಲೆಯೊಂದರ ಬಾಯಲ್ಲಿ ಹಲ್ಲು ಕೊರೆದು ತುಂಬುವುದನ್ನು ಕಲಿಯುತ್ತಾನೆ. ಈ ಕೃತಕ ತಲೆಯನ್ನು 1894ರಲ್ಲಿ ಗ್ಲಾಸ್ಗೋದ ಆಸ್ವಾಲ್ಡ್ ಫರ್ಗಸ್ ಎಂಬವರು ರೂಪಿಸಿದರು. ಅದಕ್ಕೆ ನೋವಿಲ್ಲ, ನಾಲಗೆಯಿಲ್ಲ, ದೂರು ಕೊಡುವ ಮಗನೂ ಇಲ್ಲ! ಅಲ್ಲಿ ಪಳಗಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಬಳಿಕವೇ ಮೂರನೆಯ ವರ್ಷದಲ್ಲಿ ಜೀವಂತ ರೋಗಿಯ ದರ್ಶನ.

ಆಗಲೂ ಅವನ ಕೈ ಸ್ವತಂತ್ರವಲ್ಲ. ನಮ್ಮ ಕಚೇರಿಯ ಕಡತ ನಡೆಯುವ ರೀತಿಯನ್ನೇ ನೆನೆಯಿರಿ. ಗುಮಾಸ್ತೆ ಟಿಪ್ಪಣಿ ಬರೆದರೆ ಸಾಲದು. ಮೇಲಿನವರ ರುಜು ಬೀಳದೆ ಕಾಗದ ಕದಲದು. ಅಲ್ಲಿಯೂ ಹಾಗೆಯೇ. ರೋಗಿಯ ಕಾಗದದಲ್ಲಿ ವಿದ್ಯಾರ್ಥಿ ತನ್ನ ತೀರ್ಮಾನವನ್ನು ಬರೆಯುತ್ತಾನೆ, ಅಧ್ಯಾಪಕರು ಬಾಯಿ ನೋಡಿ ರುಜು ಹಾಕುತ್ತಾರೆ. ಕೊರೆದಾದ ಮೇಲೊಮ್ಮೆ, ತುಂಬಿದ ಮೇಲೊಮ್ಮೆ ತೋರಿಸಬೇಕು. ಹೊರಗೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಅಲ್ಲಿ ಎರಡು ಗಂಟೆ ಹಿಡಿಯುವುದು ಇದರಿಂದಲೇ.

ನಮ್ಮ ನೆರೆಮನೆಯ ರಾಯರ ತಾಯಿ ವಿಜಯಪುರದ ಕಡೆಯವರು. ಹಲ್ಲೆಲ್ಲ ಹೋಗಿ ಎರಡು ವರ್ಷದಿಂದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದರು. ಒಂದು ಕಾಲೇಜಿನಲ್ಲಿ ಹಲ್ಲಿನ ಸೆಟ್ಟು ಮಾಡಿಸಲು ಹೋದಾಗ ನಾವೂ ಜೊತೆಗಿದ್ದೆವು. ಐದು ಸಲ ಬರಬೇಕೆಂದು ಮೊದಲೇ ಹೇಳಿದ್ದರು: ಎರಡು ಸಲ ಅಚ್ಚಿಗೆ, ಒಮ್ಮೆ ದವಡೆಯ ಅಳತೆಗೆ, ಒಮ್ಮೆ ಮೇಣದಲ್ಲಿ ಕೂರಿಸಿದ ಹಲ್ಲು ನೋಡಲು, ಕೊನೆಗೆ ಸಿದ್ಧವಾದುದನ್ನು ತೊಡಲು. ಮೂರನೆಯ ಸಲ ವಿದ್ಯಾರ್ಥಿನಿ ಮೇಣದ ಪಟ್ಟಿಗಳನ್ನು ಬಾಯಲ್ಲಿಟ್ಟು ಅಳತೆ ತೆಗೆದಳು. ಅಧ್ಯಾಪಕರು ಬಂದು ಅಜ್ಜಿಯ ಬಾಯಿಂದ ಸಕಾರದ ಮಾತು ಹೊರಡಿಸಬೇಕೆಂದರು. ಸಕಾರ ನುಡಿಯುವಾಗ ಮೇಲಣ ಕೆಳಗಣ ಪಟ್ಟಿಗಳು ಸಮೀಪಕ್ಕೆ ಬರಬೇಕು, ಆದರೆ ತಾಗಕೂಡದಂತೆ. ಅಜ್ಜಿಗೆ ಮರಾಠಿ ಬಾರದು, ಹುಡುಗಿಗೆ ಕನ್ನಡ ಬಾರದು. ರಾಯರು, “ಅವ್ವಾ, ಸಾಸಿವೆ ಅನ್ನು” ಎಂದರು. ಅಜ್ಜಿ “ಸಾಸಿವಿ” ಎಂದೊಡನೆ ಪಟ್ಟಿಗಳು ಟಕ್ಕೆಂದು ತಾಗಿದವು. ಎತ್ತರ ಹೆಚ್ಚಾಗಿದೆ, ಎಲ್ಲವನ್ನೂ ಹೊಸದಾಗಿ ಮಾಡಬೇಕೆಂದು ಅಧ್ಯಾಪಕರು ರುಜು ಹಾಕದೆ ಹಿಂದಿರುಗಿಸಿದರು. ಹುಡುಗಿಯ ಕಣ್ಣು ತುಂಬಿತು. ರಾಯರಿಗೆ ಇನ್ನೊಂದು ದಿನದ ರಜೆ ಹೋಗುವ ಸಿಟ್ಟು. ಅಜ್ಜಿಯೇ ಮಗನನ್ನು ಗದರಿಸಿದರು: “ಕುಬಸ ಅಳತಿ ತಪ್ಪಿದ್ರ ಬಿಚ್ಚಿ ಹೊಲಿಯೂದಿಲ್ಲೇನು, ತಮ್ಮಾ? ಆ ಹುಡುಗಿ ಮ್ಯಾಲ ಯಾಕ ಸಿಟ್ಟಾಗ್ತಿ?”

ಆ ಹಾಕದ ರುಜುವಿನಲ್ಲಿಯೇ ಕಾಲೇಜಿನ ಬೆಲೆಯಿದೆಯೆಂದು ನಮಗನಿಸಿತು. ಅಳತೆ ತಪ್ಪಿದ ಸೆಟ್ಟು ತೊಟ್ಟಿದ್ದರೆ ಅದು ಕೆಲವೇ ದಿನಗಳಲ್ಲಿ ಕಪಾಟು ಸೇರುತ್ತಿತ್ತು. ಬಾಯಿಗೆ ಹಾಕಿಕೊಳ್ಳಲಾರದ ಹಲ್ಲುಗಳನ್ನು ಡಬ್ಬಿಯಲ್ಲಿಟ್ಟುಕೊಂಡಿರುವ ಹಿರಿಯರು ಯಾರ ಮನೆಯಲ್ಲಿಲ್ಲ?

ಹಾಗೆಂದು ಅಲ್ಲಿ ಎಲ್ಲವೂ ಸರಿಯೆಂದು ನಾವು ಹೇಳುವುದಿಲ್ಲ. ಈ ಕಾಲೇಜುಗಳನ್ನು ಕುರಿತು ಸಂಶೋಧಕರು ಬಹುಕಾಲದಿಂದ ವಿಚಾರ ನಡೆಸಿದ್ದಾರೆ. ಅಮೇರಿಕೆಯ ವಿಲಿಯಂ ಗೀಸ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿಯ ಮತ್ತು ಕೆನಡಾದ ದಂತ ಕಾಲೇಜುಗಳನ್ನು ಪರಿಶೀಲಿಸಿ 1926ರಲ್ಲಿ ದೊಡ್ಡ ವರದಿಯನ್ನು ಕೊಟ್ಟರು. ಲಾಭಕ್ಕಾಗಿ ನಡೆಯುವ ಶಾಲೆಗಳಿಂದ ಒಳಿತಿಲ್ಲ, ಈ ವಿದ್ಯೆ ವಿಶ್ವವಿದ್ಯಾಲಯದ ಅಂಗವಾಗಬೇಕು ಎಂಬುದು ಅವರ ಅಭಿಪ್ರಾಯ. ಅನಂತರದ ಸಂಶೋಧನೆಗಳು ಇನ್ನೊಂದು ಸಂಗತಿಯನ್ನು ತೋರಿಸಿದವು. ವಿದ್ಯಾರ್ಥಿಯ ಒಂದೇ ಕೆಲಸಕ್ಕೆ ಇಬ್ಬರು ಅಧ್ಯಾಪಕರು ಬೇರೆ ಬೇರೆ ಅಂಕ ಕೊಡುತ್ತಾರೆ; ಒಬ್ಬರೇ ಅಧ್ಯಾಪಕರು ಬೇರೆ ದಿನ ಬೇರೆ ಅಂಕ ಕೊಡುವುದೂ ಉಂಟು. ಕಚೇರಿಯಲ್ಲಿ ನಮ್ಮ ಟಿಪ್ಪಣಿಗಳಿಗೆ ಆಗುವ ಗತಿಯನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ಆದ್ದರಿಂದ ಏನನ್ನು ನೋಡಬೇಕೆಂಬುದರ ಪಟ್ಟಿಯನ್ನು ಮೊದಲೇ ಬರೆದಿಟ್ಟು, ಅಧ್ಯಾಪಕರಿಗೂ ತರಬೇತು ಕೊಡಬೇಕೆಂಬ ಪದ್ಧತಿ ಬಂದಿತು.

ಇನ್ನೊಂದು ತೊಡಕು ಲೆಕ್ಕದ್ದು. ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಸೆಟ್ಟು ಮಾಡಬೇಕೆಂದು ವಿದ್ಯಾರ್ಥಿಗೆ ಗೊತ್ತುಮಾಡಿರುತ್ತಾರೆ. ಕೈ ಪಳಗಲು ಅದು ಬೇಕು ನಿಜ. ಆದರೆ ಪರೀಕ್ಷೆ ಹತ್ತಿರವಾದಂತೆ ಅವನು ಮನುಷ್ಯನನ್ನು ಬಿಟ್ಟು ತನಗೆ ಬೇಕಾದ ಹಲ್ಲನ್ನೇ ಹುಡುಕತೊಡಗುತ್ತಾನೆ. ಲೆಕ್ಕಕ್ಕೆ ಬಾರದ ನೋವುಳ್ಳ ರೋಗಿ ಬೆಂಚಿನ ಮೇಲೆ ಉಳಿಯುತ್ತಾನೆ. ಒಬ್ಬ ರೋಗಿಯ ಇಡೀ ಬಾಯಿಯ ಹೊಣೆಯನ್ನು ಒಬ್ಬ ವಿದ್ಯಾರ್ಥಿಗೆ ಒಪ್ಪಿಸುವುದೇ ಮೇಲೆಂದು ಅನೇಕ ದೇಶಗಳಲ್ಲಿ ಪ್ರಯೋಗ ನಡೆದಿದೆ. ಅಧ್ಯಾಪಕರ ಕಷ್ಟವೂ ಸಣ್ಣದಲ್ಲ: ಪಾಠ ಹೇಳಬೇಕು, ಸಂಶೋಧನೆ ಮಾಡಬೇಕು, ಏಕಕಾಲಕ್ಕೆ ಹಲವು ಕುರ್ಚಿಗಳ ಮೇಲೆ ಕಣ್ಣಿಡಬೇಕು. ಆ ಕಣ್ಣು ಸಾಲದಾದರೆ ರುಜು ಬರಿಯ ಶಾಯಿಯಾಗುತ್ತದೆ.

ಆದ್ದರಿಂದ ಹೋಗುವವರಿಗೆ ನಮ್ಮ ನಾಲ್ಕು ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆ ಇವನ್ನು ಮೊದಲೇ ತಿಳಿಸಿರಿ. ಎಷ್ಟು ಸಲ ಬರಬೇಕೆಂದು ಕೇಳಿ, ಅಷ್ಟು ರಜೆ ಕೈಯಲ್ಲಿರಿಸಿಕೊಳ್ಳಿರಿ. ಬೇರಿನ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಹಲ್ಲೂ ಹೋಗುತ್ತದೆ, ಹುಡುಗನ ಶ್ರಮವೂ ಹೋಗುತ್ತದೆ. ಸಂದೇಹವಾದಾಗ “ಅಧ್ಯಾಪಕರು ಒಮ್ಮೆ ನೋಡಲಿ” ಎನ್ನಲು ಸಂಕೋಚ ಬೇಡ. ಅದು ಅಪಮಾನವಲ್ಲ, ಆ ಮನೆಯ ನಿಯಮವೇ ಅದು.

ಎಂ.ಡಿ.ಎಸ್. ಓದುವವರು ಪ್ರಬಂಧ ಬರೆಯಬೇಕಾಗಿರುವುದರಿಂದ ನಿಮ್ಮನ್ನು ಸಂಶೋಧನೆಗೆ ಸೇರಲು ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳಂತೆ, ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕು. ಒಲ್ಲೆನೆಂದರೂ ಚಿಕಿತ್ಸೆ ತಪ್ಪಕೂಡದು. ನಮ್ಮ ಹಿರಿಯರಿಗೆ ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವವರೊಬ್ಬರು ಜೊತೆಗಿರಬೇಕು. ಸಂಘದ ತರುಣರು ತಿಂಗಳಿಗೊಂದು ಬೆಳಗನ್ನು ಇದಕ್ಕಾಗಿ ಕೊಟ್ಟರೆ, ವಾರ್ಷಿಕೋತ್ಸವದ ನಾಟಕದಷ್ಟೇ ಅದೂ ಕನ್ನಡದ ಸೇವೆಯೆಂದು ನಾವು ಭಾವಿಸುತ್ತೇವೆ. ಬರಲೊಪ್ಪುವವರು ಕಾರ್ಯದರ್ಶಿಗಳಲ್ಲಿ ಹೆಸರನ್ನು ಕೊಡಬೇಕಾಗಿ ವಿನಂತಿ.