ತೋಟದ ಆನ್‌ಲೈನ್ ವ್ಯವಹಾರ ಹೊರಗಿನವರ ಕೈಗೆ: ಪರ–ವಿರೋಧ

ಪ್ರಶ್ನೆ ಇಷ್ಟು: ಸಕಲೇಶಪುರ, ಆಲೂರು ಭಾಗದ ಹೋಂಸ್ಟೇಯವರೂ ಸ್ವಂತ ಕಾಫಿಪುಡಿ, ಕಾಳುಮೆಣಸು ಮಾರುವ ಬೆಳೆಗಾರರೂ ತಮ್ಮ ಆನ್‌ಲೈನ್ ಕೆಲಸವನ್ನು ಕಡಿಮೆ ದರಕ್ಕೆ ಸಿಗುವ ಫ್ರೀಲ್ಯಾನ್ಸರ್‌ಗಳಿಗೆ ಒಪ್ಪಿಸಬಹುದೇ?

ಪರ

ಇಲ್ಲಿನ ಬೆಳೆಗಾರರಿಗೆ ಬೆಳೆಯುವುದು ಗೊತ್ತು, ಮಾರುವುದು ಗೊತ್ತಿಲ್ಲ ಎಂಬ ಮಾತಿದೆ. ಅದಕ್ಕೆ ಕಾರಣ ಚರಿತ್ರೆಯಲ್ಲಿದೆ. 1942ರ ಕಾಫಿ ಕಾಯ್ದೆಯ ಕಾಲದಿಂದ ಫಸಲು ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು; ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದುದು ಮಂಡಳಿಯೇ. ಬೆಳೆಗಾರ ಮೂಟೆಗಳನ್ನು ಕ್ಯೂರಿಂಗ್ ವರ್ಕ್ಸ್‌ಗೆ ಮುಟ್ಟಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ. 1990ರ ದಶಕದಲ್ಲಿ ಆ ಕಟ್ಟುಪಾಡು ಹಂತಹಂತವಾಗಿ ಸಡಿಲಾಗಿ 1996ರಲ್ಲಿ ಪೂರ್ತಿ ಕೊನೆಯಾಯಿತು. ಅರ್ಧ ಶತಮಾನ ಗಿರಾಕಿಯ ಮುಖವನ್ನೇ ಕಾಣದವರು ಈಗ ಫೋಟೊ, ಲೇಬಲ್, ಜಾಹೀರಾತು, ಬುಕಿಂಗ್ ಕ್ಯಾಲೆಂಡರ್, ಜಿಎಸ್‌ಟಿ ರಿಟರ್ನ್ ಎಲ್ಲವನ್ನೂ ತಾವೇ ಮಾಡಬೇಕೆನ್ನುವುದು ನ್ಯಾಯವಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಅಂಥ ತೋಟ ಇದಕ್ಕೆಂದೇ ತಿಂಗಳ ಸಂಬಳದ ನೌಕರರನ್ನು ಇಟ್ಟುಕೊಳ್ಳಲಾರದು. ಫೈವರ್, ಅಪ್‌ವರ್ಕ್‌ನಂಥ ತಾಣಗಳು ಬಂದ ಮೇಲೆ ಒಂದು ಲೇಬಲ್ಲಿಗೆ, ಹತ್ತು ಫೋಟೊಗಳಿಗೆ ಮಾತ್ರ ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಳ್ಳಬಹುದು.

ಹಣಕ್ಕಿಂತ ದೊಡ್ಡ ಕೊರತೆ ವೇಳೆಯದು. ಅರೇಬಿಕಾ ಕೊಯ್ಲು ಜೋರಾಗಿರುವ ಡಿಸೆಂಬರಿನಲ್ಲೇ ಬೆಂಗಳೂರಿನವರು ರಜೆಗೆ ಕೋಣೆ ಕೇಳುತ್ತಾರೆ. ಪಲ್ಪರ್, ಕಣ, ಆಳುಗಳ ಬಟವಾಡೆ ಮುಗಿಸಿ ರಾತ್ರಿ ಮೊಬೈಲ್ ತೆಗೆದು ನೋಡುವಷ್ಟರಲ್ಲಿ ಕೇಳಿದವರು ಬೇರೆ ಕಡೆ ಬುಕ್ ಮಾಡಿರುತ್ತಾರೆ. ಮಳೆಗಾಲದಲ್ಲಿ ಹೆತ್ತೂರು, ಯಸಳೂರು ಕಡೆ ಮರ ಬಿದ್ದು ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕೂತ ಒಬ್ಬರು ಪುಟವನ್ನು ನೋಡಿಕೊಂಡರೆ ವ್ಯವಹಾರ ನಿಲ್ಲುವುದಿಲ್ಲ. ಲೆಕ್ಕಕ್ಕೆ ರೈಟರನ್ನೂ ಆಳುಗಳ ಮೇಲೆ ಮೇಸ್ತ್ರಿಯನ್ನೂ ಇಟ್ಟುಕೊಂಡು ಬಂದ ತೋಟಗಳಿಗೆ ಕೆಲಸ ಹಂಚುವುದು ಹೊಸದೂ ಅಲ್ಲ.

ವಿರೋಧ

ಆದರೆ ರೈಟರ್ ತೋಟದಲ್ಲೇ ಇರುತ್ತಾನೆ. ಮೇಲಿನ ವಾದ ಮರೆತದ್ದು ಇದನ್ನು, ನನ್ನ ಆಕ್ಷೇಪವೂ ಇಲ್ಲಿಂದಲೇ ಶುರು. ಸಂಜೆ ಏಳಕ್ಕೆ ತಲುಪಿದರೆ ಪರವಾಗಿಲ್ಲವೇ ಎಂದು ಅತಿಥಿ ಕೇಳುತ್ತಾರೆ. ಕೆ. ಹೊಸಕೋಟೆ ಹೋಬಳಿಯಲ್ಲಿ ಆ ಹೊತ್ತಿಗೆ ಆನೆ ಯಾವ ತೋಟದಲ್ಲಿದೆ ಎಂದು ತಿಳಿಯದೆ ಇದಕ್ಕೆ ಉತ್ತರ ಕೊಡಬಾರದು. ರಾಷ್ಟ್ರೀಯ ಹೆದ್ದಾರಿ 75 ದೋಣಿಗಾಲ್ ಬಳಿ 2021ರ ಜುಲೈನಲ್ಲಿ ಕುಸಿದ ಮೇಲೆ, ಮಂಗಳೂರಿನಿಂದ ಬರುವವರಿಗೆ ಯಾವ ದಾರಿ ಹೇಳಬೇಕೆಂಬುದು ಆಯಾ ದಿನದ ಮಳೆಯನ್ನು ನೋಡಿ ಹೇಳುವ ಮಾತಾಗಿದೆ. ಎಡಕುಮೇರಿಯ ರೈಲು ಹಳಿಯ ಮೇಲಿನ ಚಾರಣವನ್ನು ರೈಲ್ವೆ ನಿಷೇಧಿಸಿದೆ. ಹಳೆಯ ಬರಹಗಳನ್ನು ನೋಡಿ ಜಾಹೀರಾತು ಬರೆಯುವವರು ಅದನ್ನೇ ಮೊದಲ ಆಕರ್ಷಣೆಯಾಗಿ ಸೇರಿಸಿಬಿಡಬಹುದು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಸಾಲದೇ ಎನ್ನುವವರಿದ್ದಾರೆ. ಚೆಕ್‌ಇನ್ ಸಮಯ, ಊಟದ ದರ ಹಾಳೆಯಲ್ಲಿ ನಿಲ್ಲುತ್ತವೆ. ಆನೆಯೂ ಗುಡ್ಡವೂ ನಿಲ್ಲುವುದಿಲ್ಲ.

ಎರಡನೆಯದು ಹೊಣೆ. ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡಲು ಬರುವುದಿಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಪ್ರತಿಶತ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಹೇಳಬೇಕು ಎನ್ನುತ್ತದೆ ನಿಯಮ. ವಿನ್ಯಾಸಕಾರ ಚೆಂದಕ್ಕೆಂದು ‘ಅಪ್ಪಟ ಕಾಫಿ’ ಎಂದು ಹಾಕಿದರೆ ನೋಟಿಸ್ ಬರುವುದು ಮಾರಿದವರಿಗೆ. ವಿದೇಶಿ ಅತಿಥಿ ತಂಗಿದರೆ 24 ಗಂಟೆಯೊಳಗೆ ವರದಿ ಸಲ್ಲಿಸಬೇಕಾದವರು ಮನೆಯ ಯಜಮಾನರು. ಅತಿಥಿಗಳ ಆಧಾರ್ ಪ್ರತಿ, ಫೋನ್ ನಂಬರ್ ಗುತ್ತಿಗೆಯವರ ಲ್ಯಾಪ್‌ಟಾಪಿನಿಂದ ಸೋರಿದರೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಶ್ನಿಸುವುದು ಮಾಹಿತಿ ಸಂಗ್ರಹಿಸಿದವರನ್ನೇ.

ಇನ್ನು ಅಗ್ಗದ ಮಾತು. ತೀರಾ ಕಡಿಮೆ ದರಕ್ಕೆ ದುಡಿಯುವವರು ಬದುಕು ನಡೆಸಲು ಹತ್ತಾರು ಗಿರಾಕಿಗಳನ್ನು ಒಟ್ಟಿಗೆ ಹಿಡಿಯಬೇಕಾಗುತ್ತದೆ. ‘ಮಂಜಿನ ಮಡಿಲು’, ‘ಹಸಿರ ಸ್ವರ್ಗ’ ಎಂಬ ಒಂದೇ ಸಾಲು ಮಡಿಕೇರಿಗೂ ಮೂಡಿಗೆರೆಗೂ ಸಕಲೇಶಪುರಕ್ಕೂ ಅಂಟಿಕೊಳ್ಳುವುದು ಹೀಗೆ. ತಪ್ಪು ಅವರದಲ್ಲ, ನಾವು ಕೊಡುವ ದರದ್ದು. ಮೆಣಸು ಕೊಯ್ಯುವವರಿಗೆ ಏಣಿ ಹತ್ತುವ ಪರಿಣತಿಗೆ ಹೆಚ್ಚು ಕೂಲಿ ಕೊಡುವ ನಾವು ಬರೆಯುವವರ ಪರಿಣತಿಗೆ ಚೌಕಾಸಿ ಮಾಡಬಾರದು. ಹಾಸನ, ಆಲೂರು, ಸಕಲೇಶಪುರದ ಕಾಲೇಜುಗಳಿಂದ ಪದವಿ ಪಡೆದು ಬೆಂಗಳೂರು ಬಸ್ ಹತ್ತುವ ಹುಡುಗ ಹುಡುಗಿಯರಿಗೆ ದಾರಿ ಗೊತ್ತು, ಊರಿನ ಭಾಷೆ ಗೊತ್ತು. ನಾಲ್ಕೈದು ತೋಟದವರು ಸೇರಿ ಅವರಲ್ಲೊಬ್ಬರಿಗೆ ಸರಿಯಾದ ಸಂಬಳ ಕೊಟ್ಟರೆ ತಲಾ ಖರ್ಚು ಹೆಚ್ಚಾಗದು.

ಉತ್ತರ ತಡವಾದರೆ ಬುಕಿಂಗ್ ತಪ್ಪುತ್ತದೆ ಎಂಬ ಪರ ವಾದಕ್ಕೆ ಬಲವಿದೆ, ಒಪ್ಪುತ್ತೇನೆ. ಖಾಲಿ ದಿನ, ದರ ತಿಳಿಸುವುದನ್ನು ಹೊರಗಿನವರೇ ಮಾಡಲಿ. ದಾರಿ, ಕಾಡು, ಸುರಕ್ಷತೆಯ ಪ್ರಶ್ನೆ ಮಾತ್ರ ಮನೆಯವರಿಗೇ ಬರಲಿ. ಪೂಲ್‌ನ ಚರಿತ್ರೆಯನ್ನು ಪರ ಪಕ್ಷ ಅರ್ಧ ಮಾತ್ರ ಓದಿದೆ ಎಂದೇ ನನ್ನ ಅಭಿಪ್ರಾಯ. ಮಾರಾಟವನ್ನು ಪೂರ್ತಿ ಇನ್ನೊಬ್ಬರಿಗೆ ಬಿಟ್ಟದ್ದರಿಂದಲೇ ಬೆಳೆಗಾರನಿಗೆ ತನ್ನ ಗಿರಾಕಿ ಯಾರೆಂದು ತಿಳಿಯದೆ ಹೋಯಿತು. ಬಿಡುಗಡೆ ಸಿಕ್ಕ ಮೇಲೆ ಅದೇ ಅಜ್ಞಾನಕ್ಕೆ ನಾವಾಗಿಯೇ ಮರಳುವುದು ಬೇಡ.

ಫೋಟೊ ತಿದ್ದುವುದು, ವಿನ್ಯಾಸ, ಲೆಕ್ಕ ಹೊರಗೆ ಹೋಗಲಿ. ಖಾಲಿ ದಿನ, ದರ ಬಿಟ್ಟು ಅತಿಥಿಯ ಜೊತೆಗಿನ ಉಳಿದ ಮಾತು, ಪಾಸ್‌ವರ್ಡ್, ಹಣದ ಖಾತೆ ಮನೆಯಲ್ಲಿರಲಿ. ಈಗಾಗಲೇ ಕೆಲಸ ಒಪ್ಪಿಸಿರುವವರು ಇವತ್ತೇ ಒಂದು ಸಂಗತಿ ಪರೀಕ್ಷಿಸಿ: ನಿಮ್ಮ ವೆಬ್‌ಸೈಟಿನ ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಗೂಗಲ್ ಬಿಸಿನೆಸ್ ಪುಟದಲ್ಲಿ ‘ಮಾಲೀಕ’ ಎಂದು ಯಾರಿದ್ದಾರೆ? ಗುತ್ತಿಗೆಯವರಿಗೆ ‘ಮ್ಯಾನೇಜರ್’ ಸ್ಥಾನ ಸಾಕು. ಮಾಲೀಕತ್ವವನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ.