ಸಹಿ ಹಾಕುವವರು ಲೆಕ್ಕವನ್ನೂ ಕೊಡಬೇಕು

ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಬ್ರಿಟನ್ನಿನ 2010ರ ಕಾಯ್ದೆಯ ಪ್ರಕಾರ ಇಂಥ ಒಪ್ಪಂದವನ್ನು ಅಂತಿಮಗೊಳಿಸುವ ಮೊದಲು ಅಲ್ಲಿನ ಸಂಸತ್ತಿನ ಮುಂದೆ 21 ಕಲಾಪದ ದಿನ ಇಡಬೇಕು. ಅದೇ ಒಪ್ಪಂದಕ್ಕೆ ನಮ್ಮ ಸಂಸತ್ತಿನ ಒಪ್ಪಿಗೆ ಬೇಕೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಸಂಪುಟ ಒಪ್ಪಿದರೆ ಮುಗಿಯಿತು. ಈ ವ್ಯತ್ಯಾಸ ನನ್ನಂಥವರ ಬದುಕಿಗೆ ಏನು ಮಾಡುತ್ತದೆಂದು ತಿಳಿಸಲು ಈ ಪತ್ರ.

ನಾನು ಮಲೆನಾಡಿನ ಕಾಫಿ, ಮೆಣಸು ಬೆಳೆಗಾರ. ದೇಶದಲ್ಲಿ ಅತಿ ಹೆಚ್ಚು ಕರಿಮೆಣಸು ಬೆಳೆಯುವ ರಾಜ್ಯ ಈಗ ಕರ್ನಾಟಕ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳಿಗೆ ಏಣಿಗಳು ಒರಗುತ್ತವೆ. ಮೆಣಸು ಕೊಯ್ಯುವುದು, ಬಿಡಿಸುವುದು, ಕಣದಲ್ಲಿ ಒಣಗಿಸುವುದು, ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸುವುದು, ಸೊರಗು ರೋಗಕ್ಕೆ ಸತ್ತ ಬಳ್ಳಿಯ ಜಾಗದಲ್ಲಿ ಹೊಸದನ್ನು ನೆಡುವುದು: ತೋಟದ ಲೈನ್ ಮನೆಗಳಲ್ಲಿ ಇರುವ ಕಾರ್ಮಿಕರಿಗೆ ಕಾಫಿಯ ನಂತರದ ತಿಂಗಳುಗಳ ಕೂಲಿ ಇದರಿಂದಲೇ.

ಮೆಣಸಿನ ಪಾಲಿಗೆ ಇಂಥ ಒಪ್ಪಂದಗಳು ಹೊಸತಲ್ಲ. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್‌ನಲ್ಲಿ ವಾಜಪೇಯಿ ಸರ್ಕಾರ ಸಹಿ ಹಾಕಿತು. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ದಕ್ಷಿಣ ಏಷ್ಯಾ ದೇಶಗಳ ಒಪ್ಪಂದದಡಿ ಬರುವ ಮೆಣಸಿಗೆ ಸುಂಕ ಶೇ 8. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದಕ್ಕೆ 2009ರ ಆಗಸ್ಟ್‌ನಲ್ಲಿ ಮನಮೋಹನ್ ಸಿಂಗ್ ಸರ್ಕಾರ ಸಹಿ ಹಾಕಿತು. ಮೆಣಸಿನ ಸುಂಕವನ್ನು ಶೇ 70ರಿಂದ ಹಂತಹಂತವಾಗಿ ಶೇ 50ಕ್ಕೆ ಇಳಿಸಲು ಒಪ್ಪಿಕೊಂಡಿತು. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂ ಆಸಿಯಾನ್‌ನಲ್ಲಿದೆ. ಒಂದು ಬಾಗಿಲಲ್ಲಿ ಶೇ 50, ಪಕ್ಕದ ಬಾಗಿಲಲ್ಲಿ ಶೇ 8 ಅಥವಾ ಸೊನ್ನೆ ಎಂದಾದಾಗ ಸರಕು ಯಾವ ಬಾಗಿಲು ಹುಡುಕುತ್ತದೆಂದು ಊಹಿಸಲು ತಜ್ಞರೇ ಬೇಕಿರಲಿಲ್ಲ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಮೂಲ ಪ್ರಮಾಣಪತ್ರ ಹೊತ್ತು ಬರುತ್ತಿದೆಯೆಂದು ಬೆಳೆಗಾರರ ಸಂಘಗಳು ಮತ್ತೆಮತ್ತೆ ದೂರು ಕೊಟ್ಟವು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು 2018ರ ಮಾರ್ಚ್‌ನಲ್ಲಿ ನಿಷೇಧಿಸಿತು. ಆಮದಾದ ಸರಕಿನ ಮೂಲ ಪರಿಶೀಲಿಸುವ ಬಿಗಿ ನಿಯಮಗಳು ಬಂದದ್ದು 2020ರಲ್ಲಿ, ಅಂದರೆ ಶ್ರೀಲಂಕಾ ಒಪ್ಪಂದ ಜಾರಿಯಾಗಿ ಇಪ್ಪತ್ತು ವರ್ಷದ ಮೇಲೆ. ಅಷ್ಟರಲ್ಲಿ, ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ದರ ಅರ್ಧಕ್ಕೆ ಬಿದ್ದಾಗಿತ್ತು.

ದರ ಬಿದ್ದದ್ದಕ್ಕೆ ಒಪ್ಪಂದಗಳೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ವಿಯೆಟ್ನಾಂನಲ್ಲಿ ಬೆಳೆ ವಿಪರೀತ ಹೆಚ್ಚಿತ್ತು, ಜಗತ್ತಿನೆಲ್ಲೆಡೆ ಬೆಲೆ ಇಳಿದಿತ್ತು. ಆದರೆ ಆ ಇಳಿತ ನಮ್ಮ ಅಂಗಳಕ್ಕೆ ನೇರವಾಗಿ ನುಗ್ಗುವಂತೆ ಬಾಗಿಲು ತೆರೆದದ್ದು ಒಂದು ಸಹಿ. ಆ ಸಹಿಗೆ ಹೊಣೆ ಯಾರು? ಕೇಳಿದರೆ ಒಂದು ಪಕ್ಷ 2009ನ್ನು ತೋರಿಸುತ್ತದೆ, ಇನ್ನೊಂದು 1998ನ್ನು. ಎರಡಕ್ಕೂ ಸಂಸತ್ತಿನಲ್ಲಿ ಮತದಾನ ನಡೆದಿರಲಿಲ್ಲವಾದ್ದರಿಂದ ನಮ್ಮ ಸಂಸದರು ಯಾವ ಕಡೆ ನಿಂತಿದ್ದರೆಂದು ಕೇಳುವ ಅವಕಾಶವೂ ನಮಗಿಲ್ಲ.

ದರ ಬಿದ್ದಾಗ ನಮ್ಮಲ್ಲಿ ಕಾರ್ಖಾನೆಗೆ ಬೀಗ ಬೀಳುವುದಿಲ್ಲ, ಯಾರಿಗೂ ವಜಾ ಪತ್ರ ಬರುವುದಿಲ್ಲ. ಬೆಳೆಗಾರ ಒಂದು ಸುತ್ತು ಸಿಂಪಡಣೆ ಬಿಡುತ್ತಾನೆ, ಹೊಸ ಬಳ್ಳಿ ನೆಡುವುದನ್ನು ಮುಂದೂಡುತ್ತಾನೆ. ವಾರಕ್ಕೆ ಆರು ದಿನ ಕೆಲಸವಿದ್ದ ಹೆಂಗಸಿಗೆ ನಾಲ್ಕು ದಿನ, ಆಮೇಲೆ ಮೂರು ದಿನ ಸಿಗುತ್ತದೆ. ಈ ನಷ್ಟ ಯಾವ ಇಲಾಖೆಯ ರಿಜಿಸ್ಟರಿಗೂ ಏರುವುದಿಲ್ಲ. ಅಮೆರಿಕ 1962ರಲ್ಲೇ ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ನೆರವಿನ ಯೋಜನೆ ತಂದಿತ್ತು. ಅದರ ಅವಧಿ 2022ರಲ್ಲಿ ಮುಗಿಯಿತು, ಕೊರತೆಗಳೂ ಇದ್ದವು. ಆದರೂ ಒಪ್ಪಂದದಿಂದ ಕೆಲಸ ಹೋಗುತ್ತದೆ, ಅದಕ್ಕೆ ಸರ್ಕಾರ ಹೊಣೆ ಎಂಬುದನ್ನು ಅದು ಕಾನೂನಿನಲ್ಲೇ ಒಪ್ಪಿಕೊಂಡಿತ್ತು.

ಒಪ್ಪಂದದಲ್ಲಿ ಉದ್ಯೋಗದ ಲೆಕ್ಕ ಬರೆಯುವುದು ಅಸಾಧ್ಯವೆಂದು ತಮ್ಮ ಸಚಿವಾಲಯ ಹೇಳುವಂತಿಲ್ಲ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಜೊತೆ 2024ರ ಮಾರ್ಚ್‌ನಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ 15 ವರ್ಷಗಳಲ್ಲಿ 10,000 ಕೋಟಿ ಡಾಲರ್ ಹೂಡಿಕೆ, 10 ಲಕ್ಷ ನೇರ ಉದ್ಯೋಗ ಎಂಬ ಗುರಿ ಬರೆಯಲಾಗಿದೆ. ಬರುವ ಕೆಲಸಗಳನ್ನು ಎಣಿಸಿದ ಸರ್ಕಾರ ಹೋಗುವ ಕೆಲಸಗಳನ್ನೂ ಎಣಿಸಲಿ.

2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಭಾರತ ಹೊರಬಂದಿತು. ಆ ನಿರ್ಧಾರಕ್ಕೆ ನಾನು ಇಂದಿಗೂ ಕೃತಜ್ಞ. ಆಗ ಹಾಲು ಉತ್ಪಾದಕರ ದನಿ ದೆಹಲಿ ಮುಟ್ಟಿತು, ಏಕೆಂದರೆ ಹಳ್ಳಿಹಳ್ಳಿಯಲ್ಲಿ ಅವರ ಸಹಕಾರ ಸಂಘವಿದೆ. ಏಣಿ ಹತ್ತಿ ಮೆಣಸು ಕೊಯ್ಯುವವರಿಗೆ ಅಂಥ ಸಂಘವಿಲ್ಲ. ಸಂಘಟನೆ ಇದ್ದವರನ್ನಷ್ಟೇ ಉಳಿಸುವುದು ನ್ಯಾಯವಲ್ಲ.

ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 14ನೇ ಬಾಬು ಅಂತರರಾಷ್ಟ್ರೀಯ ಒಪ್ಪಂದ. ರಾಜ್ಯ ಪಟ್ಟಿಯಲ್ಲಿ 14ನೇ ಬಾಬು ಕೃಷಿ. ಬೆಳೆ ರಾಜ್ಯದ ಹೊಣೆ, ಬೆಳೆಯ ಬೆಲೆ ಅಲುಗಿಸುವ ಸಹಿ ಕೇಂದ್ರದ್ದು. ನಷ್ಟವಾದಾಗ ಬೆಂಗಳೂರು ದೆಹಲಿಯ ಕಡೆ ಕೈ ತೋರಿಸುತ್ತದೆ, ದೆಹಲಿ ಬೆಂಗಳೂರಿನ ಕಡೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಕೃಷಿ ಉತ್ಪನ್ನದ ಸುಂಕ ಇಳಿಸುವ ಯಾವ ಒಪ್ಪಂದಕ್ಕೂ ಆ ಬೆಳೆಯ ರಾಜ್ಯಗಳ ಲಿಖಿತ ಅಭಿಪ್ರಾಯ ಪಡೆಯಿರಿ, ಅದನ್ನು ಪ್ರಕಟಿಸಿ. ಜಾರಿಯಲ್ಲಿರುವ ಒಪ್ಪಂದಗಳಿಂದ ಯಾವ ಜಿಲ್ಲೆಯಲ್ಲಿ ಎಷ್ಟು ಕೆಲಸ ಹುಟ್ಟಿತು, ಎಷ್ಟು ಹೋಯಿತು ಎಂಬ ವರದಿಯನ್ನು ಪ್ರತಿ ಬಜೆಟ್ ಅಧಿವೇಶನದಲ್ಲಿ ಮಂಡಿಸಿ. ಮುಂದಿನ ಒಪ್ಪಂದವನ್ನು ಜಾರಿಗೆ ತರುವ ಮೊದಲು ಲೋಕಸಭೆಯಲ್ಲಿ ಚರ್ಚೆಗೂ ಮತಕ್ಕೂ ಇಡುವ ಕಾನೂನನ್ನು ತಾವೇ ತನ್ನಿ.

ಇತಿ,
ಮಲೆನಾಡಿನ ಒಬ್ಬ ಬೆಳೆಗಾರ